ಶನಿವಾರದ ಕ್ಲಾಸಿಗೆ ನಮ್ಮ ಮಾವ

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದನ್ನು ನಮ್ಮ ಮಾವನವರು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ ಎಂದರೆ ನೀವು ನಂಬುವುದಿಲ್ಲ. ಮುಂಬಯಿ ಕಾಂದಿವಲಿಯ ನಮ್ಮ ಫ್ಲ್ಯಾಟಿನ ಕಿಟಕಿಗಳೆಲ್ಲ ಪಶ್ಚಿಮಕ್ಕಿವೆ. ಸೂರ್ಯ ಮುಳುಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಹುಟ್ಟುವುದರ ಬಗ್ಗೆ ಬರೀ ಕೇಳಿದ್ದಾರೆ, ಅಷ್ಟೆ!

ಇಪ್ಪತ್ತೆರಡನೇ ವಯಸ್ಸಿಗೆ ಮೈಸೂರಿನಿಂದ ಮುಂಬಯಿಗೆ ಬಂದು, ಫೋರ್ಟ್ ಬಡಾವಣೆಯ ಒಂದು ದೊಡ್ಡ ಕಂಪನಿಯಲ್ಲಿ ಮೂವತ್ತಾರು ವರ್ಷ ದುಡಿದವರು ಅವರು. ಬಹುಪಾಲು ಕಾಲ ವಿಚಾರಣಾಧಿಕಾರಿ. ಅಂದರೆ, ಆಫೀಸಿನಲ್ಲಿ ಯಾರ ಮೇಲೆ ಯಾರು ದೂರು ಕೊಟ್ಟರೂ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ಯಾರದು ಸುಳ್ಳು ಎಂದು ಬರೆದುಕೊಡುವ ಕೆಲಸ. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಆ ಕೆಲಸವನ್ನು ಮಾತ್ರ ವಾಪಸು ಇಸಿದುಕೊಳ್ಳಲು ಮರೆತರು! ಈಗ ಹಾಲಿನವರು, ಲಿಫ್ಟಿನವರು, ಹವಾಮಾನ ಹೇಳುವವರು, ಎಲ್ಲರೂ ಅವರ ವಿಚಾರಣೆಯಲ್ಲಿದ್ದಾರೆ. ಡಾಕ್ಟರು "ಬಿಪಿ ಸರಿಯಾಗಿದೆ" ಎಂದರೆ, "ಯಾಕೆ ಸರಿಯಾಗಿದೆ?" ಎಂದು ಕೇಳುತ್ತಾರೆ.

ನಾನು ಹೊಸದಾಗಿ ಸೊಸೆಯಾಗಿ ಬಂದಿದ್ದಾಗ, ಶಾಲೆಯಲ್ಲಿ ಮೀಟಿಂಗ್ ಇತ್ತು, ತಡವಾಯಿತು ಎಂದರೆ ಸಾಕು, "ಎಷ್ಟು ಜನ ಇದ್ದರು? ಕಿಟಕಿ ಪಕ್ಕ ಯಾರು ಕೂತಿದ್ದರು?" ಎಂದು ಶುರುವಾಗುತ್ತಿತ್ತು. ನಾನೂ ಟೀಚರು ನೋಡಿ, ಒಂದು ದಿನ ಯಾರು ಎಲ್ಲಿ ಕೂತಿದ್ದರೆಂದು ಚಿತ್ರವನ್ನೇ ಬರೆದು ಕೈಗಿಟ್ಟೆ. ಅದನ್ನೂ ಬೆಳಕಿಗೆ ಹಿಡಿದು ನೋಡಿದರು!

ಇಂಥವರ ಕಿವಿಗೆ ಬಿತ್ತು, ನಮ್ಮ ಹೌಸಿಂಗ್ ಸೊಸೈಟಿ ಆಫೀಸಿನಲ್ಲಿ ಶನಿವಾರ ಶನಿವಾರ ಹೆಂಗಸರ ಕ್ಲಾಸು ಶುರುವಾಗಿದೆ ಎಂದು. ಪಕ್ಕದ ಬಿಲ್ಡಿಂಗಿನಲ್ಲಿರುವ ಧಾರವಾಡದ ಮೇಡಂ ಒಬ್ಬರು, ಕಾಲೇಜಿನಲ್ಲಿ ಪಾಠ ಮಾಡುವವರು, ಹತ್ತು ಹನ್ನೆರಡು ಕನ್ನಡದ ಹೆಂಗಸರನ್ನು ಕೂರಿಸಿಕೊಂಡು ಸ್ತ್ರೀವಾದ ಎಂದರೇನು ಎಂದು ಹೇಳಿಕೊಡುತ್ತಿದ್ದರು. ನಾನೂ ಸೇರಿದ್ದೆ.

"ಫೀಸು ಎಷ್ಟು?" ಎಂದರು ಮಾವ.

"ಇಲ್ಲ ಮಾವ, ಸುಮ್ಮನೆ."

"ಸುಮ್ಮನೆ ಯಾರೂ ಏನೂ ಹೇಳಿಕೊಡಲ್ಲಮ್ಮ. ಕೊನೇಲಿ ಕುಕ್ಕರ್ ಮಾರ್ತಾರೆ. ನೋಡ್ತಿರು."

ಮುಂದಿನ ಶನಿವಾರ ನಾನು ಹೊರಟರೆ, ಬಾಗಿಲಲ್ಲಿ ಮಾವ! ಕೈಯಲ್ಲಿ ನೋಟ್ ಪುಸ್ತಕ, ಜೇಬಿನಲ್ಲಿ ಎರಡು ಪೆನ್ನು. ನನ್ನ ಜೊತೆಗೇ ಕ್ಲಾಸಿಗೆ ಬಂದರು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಮಾತ್ರ, "ಬರ್ರಿ ಅಜ್ಜಾರ, ಕೂಡ್ರಿ" ಎಂದು ಕುರ್ಚಿ ಎಳೆದುಕೊಟ್ಟರು. ಮಾವ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಕೂತರು. ಕೂತವರೇ ಮೊದಲನೆಯ ಪ್ರಶ್ನೆ ಎಸೆದರು.

"ಸ್ತ್ರೀವಾದ ಅಂತೀರಿ. ವಾದ ಅಂದಮೇಲೆ ಪ್ರತಿವಾದಿ ಒಬ್ಬ ಇರಬೇಕಲ್ಲ? ಅವನು ಯಾರು?"

"ಪ್ರತಿವಾದಿನ್ನ ಹೊರಗ ಹುಡುಕಬ್ಯಾಡ್ರಿ ಅಜ್ಜಾರ," ಎಂದರು ಮೇಡಂ. "ನಿಮ್ಮ ಮನ್ಯಾಗ ಕನ್ನಡಿ ಐತಿಲ್ಲೋ?"

ಇಷ್ಟಕ್ಕೆ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ! ಅದನ್ನು ಬರೆದುಕೊಂಡರು. ಆಗಲೇ ನನಗೆ ಅನುಮಾನ ಹುಟ್ಟಿದ್ದು. ಇಷ್ಟು ಸುಲಭವಾಗಿ ಏಟು ತಿನ್ನುವವರಲ್ಲವಲ್ಲ ಈ ಮನುಷ್ಯ?

ಮೊದಲ ವಾರದ ಹೋಂವರ್ಕು ಏನೆಂದರೆ, ನಿಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಸುಮ್ಮನೆ ಗಮನಿಸಿ ಎಂಬುದು. ನಾವೆಲ್ಲ ಎರಡು ಸಾಲು ಬರೆದರೆ, ಮಾವ ಹದಿನಾಲ್ಕು ಪುಟ ಬರೆದರು. ಡೋರ್‌ಬೆಲ್ ಹೊಡೆದಾಗ ಯಾರು ಎದ್ದರು, ಎಷ್ಟು ಹೊತ್ತಿಗೆ ಎದ್ದರು, ಎದ್ದವರ ಕೈಯಲ್ಲಿ ಆಗ ಹಿಟ್ಟಿತ್ತೋ ಪೇಪರಿತ್ತೋ, ಎಲ್ಲವೂ! ಮೂರನೆಯ ದಿನ ಊಟವಾದ ಮೇಲೂ ಏಳದೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಏನು ಬೇಕಿತ್ತು?" ಎಂದರು ನಮ್ಮತ್ತೆ.

"ಏನೂ ಬೇಡ. ಮದುವೆಯಾಗಿ ಐವತ್ತು ವರ್ಷವಾಯಿತು. ನೀನು ಊಟ ಮಾಡೋದನ್ನ ನಾನು ನೋಡೇ ಇಲ್ಲವಲ್ಲ? ಅದಕ್ಕೆ ನೋಡ್ತಿದೀನಿ."

ಅತ್ತೆ ಒಂದು ತುತ್ತು ಬಾಯಿಗಿಟ್ಟರು, ನುಂಗಲಾಗಲಿಲ್ಲ. ಇನ್ನೊಂದು ತುತ್ತು ಕಲಸಿದರು, ಎತ್ತಲಾಗಲಿಲ್ಲ. ಕೊನೆಗೆ, "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಡೆ ತಿರುಗಿ ಕೂತ್ಕೊಳ್ಳಿ! ಪೊಲೀಸ್ ಠಾಣೇಲಿ ಊಟ ಮಾಡಿದ ಹಾಗಾಗ್ತಿದೆ!" ಎಂದರು.

ಇನ್ನು ನಮ್ಮ ಯಜಮಾನರು. (ಈ ಪದ ಬಳಸಿದ್ದಕ್ಕೆ ಮಾವನವರಿಂದ ನನಗೇ ಬೈಗುಳ ಬಿತ್ತು. "ಯಾತರ ಯಜಮಾನ? ಅವನ ಬನಿಯನ್ ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ!") ಇವರು ಒಂದು ಭಾನುವಾರ ಫೋನಿನಲ್ಲಿ ಗೆಳೆಯರ ಹತ್ತಿರ, "ನಾನು ಮನೇಲಿ ಹೆಂಡತಿಗೆ ತುಂಬಾ ಹೆಲ್ಪ್ ಮಾಡ್ತೀನಪ್ಪ" ಎಂದು ಹೇಳುತ್ತಿದ್ದರು. ಮಾವ ಫೋನ್ ಇಡುವವರೆಗೂ ಕಾದು, "ಹೆಲ್ಪ್ ಅಂದ್ರೇನೋ? ನೀನೇನು ನೆಂಟನಾ? ಯಾವತ್ತು ಬಂದೆ, ಯಾವಾಗ ಹೊರಡ್ತೀಯ?" ಎಂದರು. ಅವತ್ತಿನಿಂದ ಇವರು ಮಾಡುತ್ತಿದ್ದ ಅಷ್ಟಿಷ್ಟು ಹೆಲ್ಪಿಗೂ ಏನೆಂದು ಹೆಸರಿಡಬೇಕೋ ತಿಳಿಯದೆ ಒದ್ದಾಡಿದರು.

ನಾನೇನು ಬಚಾವಾದೆನೇ? ಒಮ್ಮೆ ಯಾರನ್ನೋ ಹೊಗಳುತ್ತ, "ಹೆಂಗಸಾದರೂ ಕಾರು ಎಷ್ಟು ಚೆನ್ನಾಗಿ ಓಡಿಸ್ತಾಳೆ!" ಎಂದುಬಿಟ್ಟೆ.

"ಆದರೂ?" ಎಂದರು ಮಾವ, ಪೇಪರಿನ ಹಿಂದಿನಿಂದ. ಆ ಒಂದು ಪದಕ್ಕೆ ಮುಕ್ಕಾಲು ಗಂಟೆ ವಿಚಾರಣೆ ನಡೆಯಿತು. ತಪ್ಪೊಪ್ಪಿಕೊಂಡೆ.

ಪ್ಲಂಬರ್ ಬಂದ ದಿನದ ಕಥೆಯಂತೂ ಬಿಲ್ಡಿಂಗಿಗೆಲ್ಲ ಗೊತ್ತು. ಅವನು ಬಾಗಿಲಲ್ಲಿ ನನ್ನನ್ನು ನೋಡಿ, "ಸಾಬ್ ಹೈ ಕ್ಯಾ?" ಎಂದ. ನಾನು ಉತ್ತರ ಕೊಡುವ ಮೊದಲೇ ಒಳಗಿಂದ ಮಾವನ ದನಿ: "ಸಾಬ್ ಆಪ್ ಕೆ ಸಾಮ್ನೆ ಖಡೀ ಹೈ!" ಎದುರಿಗೆ ನಿಂತ ನಾನೇ ಸಾಬ್ ಅಂತೆ! ನಲ್ಲಿ ಬಿಚ್ಚಿದ ಮೇಲೆ ಆತ ಯಾವ ವಾಶರ್ ಹೋಗಿದೆ ಎಂದು ಮಾವನಿಗೇ ವಿವರಿಸತೊಡಗಿದ. ಮಾವ ಎರಡೂ ಕಿವಿ ಮುಚ್ಚಿಕೊಂಡು ಗದ್ದದಿಂದಲೇ ನನ್ನ ಕಡೆ ತೋರಿಸಿದರು. ಪ್ಲಂಬರ್ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಬಾಬೂಜಿ ಕೋ ಕಬ್ ಸೇ ಐಸಾ ಹೈ?" ಎಂದು, ಈ ಕಾಯಿಲೆ ಯಾವಾಗಿನಿಂದ ಎಂಬಂತೆ ಮರುಗಿದ!

ಇಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಇದು ಕಲಿಕೆಯೋ, ನಾಟಕವೋ? ಒಳಗಿದ್ದುಕೊಂಡೇ ನಮ್ಮನ್ನೆಲ್ಲ ಒಂದು ದಿನ ಹಿಡಿದುಹಾಕುವ ಹೂಟವೋ?

ಹೀಗಿರುವಾಗ ಒಂದು ಶನಿವಾರ ಕ್ಲಾಸಿನಲ್ಲಿ, ಸದಾ ಸುಮ್ಮನಿರುತ್ತಿದ್ದ ಒಬ್ಬ ಹೆಂಗಸು ಬಾಯಿ ಬಿಟ್ಟಳು. ಸ್ಟೇಷನ್ನಿನ ಬ್ರಿಜ್ ಮೇಲೆ ನೂಕುನುಗ್ಗಲಿನಲ್ಲಿ ಒಬ್ಬ ಅವಳ ಮೈಮುಟ್ಟಿ ಹೋಗಿದ್ದ. ಮಾವ ಅಭ್ಯಾಸಬಲದಿಂದ ಪೆನ್ನು ತೆರೆದರು.

"ಅವನು ಯಾವ ಬಣ್ಣದ ಷರ್ಟು ಹಾಕಿದ್ದ?"

"ಗೊತ್ತಿಲ್ಲ."

"ಅಷ್ಟು ಹತ್ತಿರ ಬಂದವನ ಷರ್ಟು ಗೊತ್ತಿಲ್ಲವಾ?"

ಮೇಡಂ ನಡುವೆ ಬಾಯಿ ಹಾಕಿದರು. "ಅಜ್ಜಾರ, ನಾಯಿ ಕಡದಾಗ ನೀವು ನಾಯಿ ಬಣ್ಣ ನೋಡ್ತೀರೋ, ಕಾಲು ಜಗ್ಗಿಕೋತೀರೋ?"

ಎಲ್ಲರೂ ನಕ್ಕರು. ಆ ಹೆಂಗಸೂ ನಕ್ಕಳು. ಮಾವ ನಗಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿದರು, ಪುಸ್ತಕ ಮುಚ್ಚಿದರು. ಕ್ಲಾಸು ಮುಗಿಯುವವರೆಗೂ ಮತ್ತೆ ತೆರೆಯಲಿಲ್ಲ.

ಆಮೇಲೆ ಮಾವನ ನಡವಳಿಕೆಯೇ ಬದಲಾಯಿತು. ವಾರಕ್ಕೆರಡು ಸಲ, ಬೆಳಿಗ್ಗೆ ಹತ್ತಕ್ಕೆ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಎಲ್ಲಿಗೋ ಹೊರಡುತ್ತಿದ್ದರು. ಎಲ್ಲಿಗೆ ಎಂದರೆ, "ಕೆಲಸವಿದೆ." ಯಾರ ಹತ್ತಿರ ಎಂದರೆ, "ಹಳಬರು." ಇಷ್ಟು ಚಿಕ್ಕ ಉತ್ತರ ಬೇರೆಯವರು ಕೊಟ್ಟಿದ್ದರೆ ಅವರು ಬಿಡುತ್ತಿದ್ದರೆ?

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: "ಆ ಕ್ಲಾಸಿನ ಮೇಡಮ್ಮಿಗೆ ಗಂಡ ಇದಾನೇನೆ?"

"ಅತ್ತೆ! ಮಾವನಿಗೆ ಎಪ್ಪತ್ತಾರು!"

"ಎಪ್ಪತ್ತಾರಕ್ಕೆ ಇಸ್ತ್ರಿ ಯಾಕೆ? ನಂಗಂತೂ ಅನುಮಾನ. ನೀನು ಹಿಂದೆ ಹೋಗಿ ನೋಡ್ಕೊಂಡು ಬಾ."

ದೀಪಾವಳಿಯ ರಜೆಯಿತ್ತು. ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು ಹೊರಟೆ. ಪತ್ತೇದಾರಿ ಕಥೆಗಳಲ್ಲಿ ಹಿಂಬಾಲಿಸುವುದು ಎಷ್ಟು ಸಲೀಸು! ಅವರಿಗೇನು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ತಾಪತ್ರಯವಿಲ್ಲ. ಮಾವ ಆ ಕಡೆ ಸೀನಿಯರ್ ಸಿಟಿಜನ್ ಸೀಟಿನಲ್ಲಿ ಆರಾಮಾಗಿ ಕೂತರೆ, ನಾನು ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿಗೆ ನುಗ್ಗಿ, ಇಳಿದರೇ ಇಲ್ಲವೇ ಎಂದು ಕತ್ತು ಚಾಚಿ, "ಉತರ್ನಾ ಹೈ ಕಿ ನಹೀ?" ಎಂದು ಇಳಿಯದೆ ದಾರಿಗಡ್ಡ ನಿಂತಿದ್ದಕ್ಕೆ ಬೈಸಿಕೊಂಡು ಮತ್ತೆ ಒಳಗೆ ಬರಬೇಕು. ಕೊನೆಗೆ ಚರ್ಚ್‌ಗೇಟಿನಲ್ಲಿ ಇಳಿದರು. ಫೋರ್ಟಿನ ಕಡೆ ನಡೆದರು. ನಾನೂ ನಡೆದೆ. ಒಂದು ಉಡುಪಿ ಹೋಟೆಲಿನ ಮುಂದೆ ನಿಂತು, ಹಿಂದೆ ತಿರುಗದೆಯೇ ಹೇಳಿದರು:

"ಬಾಮ್ಮ, ಕಾಫಿ ಕುಡಿ. ಕಾಂದಿವಲಿಯಿಂದ ನೋಡ್ತಿದೀನಿ. ಆ ದುಪಟ್ಟಾ ಸೆಕೆ ಆಗಲ್ವಾ?"

ಕಾಫಿ ಬಂತು. ಮಾವ ಲೋಟವನ್ನು ಮುಟ್ಟಲಿಲ್ಲ.

"ಮೂವತ್ತೆಂಟು ವರ್ಷದ ಹಿಂದೆ ನಮ್ಮ ಆಫೀಸಲ್ಲಿ ಒಬ್ಬಳು ಟೈಪಿಸ್ಟ್ ಇದ್ದಳು," ಎಂದರು. "ಇಪ್ಪತ್ಮೂರು ವರ್ಷ. ಮೇಲಧಿಕಾರಿ ಮೇಲೆ ದೂರು ಕೊಟ್ಟಳು, ಕ್ಯಾಬಿನ್ನಿಗೆ ಕರೆದು ಕೈ ಹಿಡಿದ ಅಂತ. ಆ ಕಾಲದಲ್ಲಿ ಯಾರೂ ಕೊಡ್ತಿರಲಿಲ್ಲ. ಮೂರು ಜನ ಕೂತು ವಿಚಾರಣೆ ಮಾಡಿದ್ವಿ. ಪ್ರಶ್ನೆ ಕೇಳಿದವನು ನಾನು. ಅವತ್ತು ಯಾವ ಬಣ್ಣದ ಸೀರೆ ಉಟ್ಟಿದ್ದೆ ಅಂತ ಕೇಳಿದೆ. ನೆನಪಿಲ್ಲ ಅಂದಳು. ಸ್ವಂತ ಸೀರೆಯೇ ನೆನಪಿಲ್ಲದವಳ ಮಾತು ನಂಬೋದು ಹೇಗೆ ಅಂತ ಬರೆದುಬಿಟ್ಟೆ."

"ಆಮೇಲೆ?"

"ಅವಳು ಕೆಲಸ ಬಿಟ್ಟಳು. ಅವನಿಗೆ ಪ್ರಮೋಷನ್ ಆಯಿತು. ನಾನು ಚೆನ್ನಾಗಿ ಕೆಲಸ ಮಾಡಿದೆ ಅಂದ್ಕೊಂಡು ಮನೆಗೆ ಬಂದು ಊಟ ಮಾಡಿದೆ." ಅವರು ಜೇಬಿನಿಂದ ಒಂದು ಚೀಟಿ ತೆಗೆದರು. "ಹಳಬರನ್ನೆಲ್ಲ ಹಿಡಿದು ಕೇಳಿ ಕೇಳಿ ವಿಳಾಸ ಸಿಕ್ಕಿದೆ. ಬೈಕುಲ್ಲಾದಲ್ಲಿ ಇದಾಳೆ. ಎರಡು ಸಲ ಚಾಳಿನ ಬಾಗಿಲವರೆಗೂ ಹೋಗಿ ವಾಪಸು ಬಂದೆ. ಮೇಲೆ ಹತ್ತೋಕೆ ಧೈರ್ಯ ಬರಲಿಲ್ಲ. ನೀನು ಬರ್ತೀಯಾ?"

ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಹೀಗೆ ಕೇಳಿದ್ದು ಅದೇ ಮೊದಲು.

ಬೈಕುಲ್ಲಾದ ಆ ಚಾಳು, ಸಾಲು ಕೋಣೆಗಳ ಹಳೆಯ ಕಟ್ಟಡ, ವರ್ಕ್‌ಶಾಪುಗಳ ಸದ್ದಿನ ನಡುವೆ ಇತ್ತು. ಹಗಲಿನಲ್ಲೂ ಕತ್ತಲೆಯ ಮರದ ಮೆಟ್ಟಿಲು. ಎರಡನೇ ಮಹಡಿಯ ಬಾಗಿಲಿನ ಮೇಲೆ ಒಂದೇ ಒಂದು ಹೆಸರು, ಚೀಟಿಯಲ್ಲಿದ್ದದ್ದೇ. ಬೆಲ್ ಒತ್ತಿದೆ. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ನರೆಗೂದಲಿನ ಹೆಂಗಸು, ಸಂಶಯದ ಕಣ್ಣು.

"ಯಾರು ಬೇಕು?" ಎಂದರು ಮರಾಠಿಯಲ್ಲಿ.

ಮಾವ ತಮ್ಮ ಹೆಸರು ಹೇಳಿದರು, ಆಫೀಸಿನ ಹೆಸರು ಹೇಳಿದರು. ಆಕೆ ಸರಪಳಿ ತೆಗೆಯಲಿಲ್ಲ.

"ಮೂವರು ಕೂತಿದ್ದಿರಿ," ಎಂದರು ಆಕೆ. "ಸೀರೆ ಬಣ್ಣ ಕೇಳಿದವರು ಯಾರು? ನೀವೋ?"

"ನಾನೇ."

"ನೀಲಿ. ಮನೆಗೆ ಹೋಗುವಾಗ ಬಸ್ಸಿನಲ್ಲೇ ನೆನಪಾಯಿತು. ಆದರೆ ನೀವು ಮತ್ತೆ ಕೇಳಲಿಲ್ಲ."

ಮಾವ ದಾರಿಯುದ್ದಕ್ಕೂ ಮರಾಠಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿಗೋ ಹೋಗಿತ್ತು. "ನೀವು ನಿಜ ಹೇಳಿದ್ದಿರಿ. ನಾನು ತಪ್ಪು ಬರೆದೆ," ಎಂದರು, ಅಷ್ಟೆ. ಕೈ ಮುಗಿದರು.

ಆಕೆ ನನ್ನ ಕಡೆ ತಿರುಗಿದರು. "ನೀನು ಮಗಳಾ?"

"ಸೊಸೆ."

"ನಿನ್ನ ಮಾತು ನಂಬ್ತಾರಾ ಇವರು?"

ಸುಳ್ಳು ಹೇಳುವ ಜಾಗವಲ್ಲ ಅದು. "ಮೊದಲು ನಂಬ್ತಿರಲಿಲ್ಲ. ಈಚೆಗೆ ಕಲೀತಿದಾರೆ. ನಾನೂ ಇವರನ್ನ ಇವತ್ತಿನವರೆಗೂ ನಂಬಿರಲಿಲ್ಲ," ಎಂದೆ.

ಆಕೆ ನಮ್ಮಿಬ್ಬರನ್ನೂ ನೋಡಿದರು. "ಸರಿ. ಕೇಳಿಸಿಕೊಂಡೆ. ಹೋಗಿ," ಎಂದು ಬಾಗಿಲು ಹಾಕಿಕೊಂಡರು.

ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಮಾವ ಆ ಮುಚ್ಚಿದ ಬಾಗಿಲಿಗೆ ಇನ್ನೊಮ್ಮೆ ಕೈ ಮುಗಿದು ತಿರುಗಿದರು. ಒಂದು ಮಹಡಿ ಇಳಿದಿದ್ದೆವು. ಮೇಲೆ ಸರಪಳಿ ಬಿಚ್ಚಿದ ಸದ್ದಾಯಿತು. ಆಕೆ ಮೆಟ್ಟಿಲಿನ ಕಟಕಟೆಗೆ ಬಂದು ಬಗ್ಗಿ ನನ್ನನ್ನು ಕೂಗಿದರು.

"ಅವರ ಕೈ ಹಿಡಿದುಕೋ. ಕೆಳಗಿನಿಂದ ಮೂರನೇ ಮೆಟ್ಟಿಲು ಮುರಿದಿದೆ."

ನಾನು ಕೈ ಚಾಚಿದೆ, ಮಾವ ಹಿಡಿದುಕೊಂಡರು. ಆ ಕತ್ತಲಲ್ಲಿ ಮೂರನೇ ಮೆಟ್ಟಿಲು ಬಂದಾಗ ಅವರು ಬಗ್ಗಿ ನೋಡಲಿಲ್ಲ, ಕಾಲಿನಿಂದ ತಡವಿ ನೋಡಲಿಲ್ಲ. ಆಕೆ ಹೇಳಿದ್ದರಲ್ಲ, ಸುಮ್ಮನೆ ದಾಟಿದರು. ಬೀದಿಗೆ ಬಂದ ಮೇಲೂ ನನ್ನ ಕೈ ಬಿಡಲಿಲ್ಲ.