ಅತ್ತೆಯ ಕೀರಲು ದನಿ

ನಮ್ಮ ಸೋದರತ್ತೆಯ ಮುಂದೆ ಬಸ್ಸಿನ ಹಾರನ್ ಕೂಡ ನಾಚಿಕೊಳ್ಳುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಹಾರನ್ನಿಗೆ ನಾಚಿಕೆ ಎಲ್ಲಿಯದು? ಆದರೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಒಮ್ಮೆ "ನಿಲ್ಸಪ್ಪೋ" ಎಂದಾಗ ನಮ್ಮ ಬಸ್ಸಷ್ಟೇ ಅಲ್ಲ, ಶಿರಾ ಬಸ್ಸೂ ಕೊರಟಗೆರೆ ಬಸ್ಸೂ ನಿಂತವು. ಇದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಕೀರಲು ಎಂಬ ಮಾತನ್ನು ಜನ ಎಲ್ಲೆಂದರಲ್ಲಿ ಬಳಸುತ್ತಾರೆ. ಎಣ್ಣೆ ಕಾಣದ ಬಾಗಿಲಿನ ಸದ್ದೂ ಕೀರಲು, ಹಾಲಿಗೆ ಹಟ ಹಿಡಿದ ಕೂಸಿನ ಅಳುವೂ ಕೀರಲು. ಆದರೆ ಗಟ್ಟಿ ದನಿ ಬೇರೆ, ಕೀರಲು ಬೇರೆ. ಗಟ್ಟಿ ದನಿ ಕಿವಿಗೆ ಬಡಿಯುತ್ತದೆ. ಕೀರಲು ಸೂಜಿಯ ಹಾಗೆ ಒಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಇದು ನಿಘಂಟಿನ ಅರ್ಥವಲ್ಲ, ಅತ್ತೆಯ ಪಕ್ಕ ಕೂತು ಉಂಡವನ ಅನುಭವ.

ಪಾವಗಡದಲ್ಲಿರುವ ಮಗಳ ಜೊತೆ ಅವಳು ಫೋನನ್ನು ಮಾರುದ್ದ ದೂರ ಹಿಡಿದು ಮಾತಾಡುತ್ತಿದ್ದಳು. ದೂರದ ಊರಲ್ಲವೇ, ಕೂಗಿ ಹೇಳಬೇಡವೇ? ಒಮ್ಮೆ ಆ ಕಡೆಯಿಂದ ಬೀಗರು, "ಫೋನೆಂದುಕಮ್ಮಾ, ಕಿಟಕಿ ತೀಸ್ತೆ ಚಾಲು" ಎಂದರು. ಫೋನ್ ಯಾಕೆ, ಕಿಟಕಿ ತೆಗೆದರೆ ಸಾಕಂತೆ! ಅತ್ತೆ ಅದನ್ನು ಹೊಗಳಿಕೆ ಎಂದೇ ತಿಳಿದು ಊರಿಗೆಲ್ಲ ಹೇಳಿಕೊಂಡು ಬಂದಳು.

ಮನೆಯ ಶುಭಕಾರ್ಯಗಳಲ್ಲಿ ಸೋಬಾನೆ ಹಾಡುವ ಹೊತ್ತಿಗೆ ಅವಳನ್ನು ಉಪಾಯವಾಗಿ ಅಡುಗೆಮನೆಗೆ ಸಾಗಹಾಕುತ್ತಿದ್ದರು. ಅವಳ ದನಿಗೆ ಬೆಲೆ ಕೊಟ್ಟವು ಅವಳ ಕುರಿಗಳು ಮಾತ್ರ. ಬೆಟ್ಟದ ಬುಡದಲ್ಲಿ ನಿಂತು ಕರೆದರೆ, ದನಿ ಬಂಡೆಗೆ ತಾಗಿ ತಿರುಗಿ ಬರುವ ಮೊದಲೇ ಕುರಿಗಳು ಬಂದಿರುತ್ತಿದ್ದವು.

ಹೋದ ವರ್ಷ ಗಂಟಲಲ್ಲಿ ಗಂಟಾಗಿ ತುಮಕೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ತಗ್ಗಿತು. "ಈಗ ಕೇಳಾಕೆ ಎಷ್ಟು ಚೆಂದಾಗೈತೆ ಕಣಮ್ಮ" ಎಂದು ನೆಂಟರೆಲ್ಲ ಹೊಗಳಿದರು. ಸೋಬಾನೆಗೂ ಕರೆದರು. ಅವಳು ತಾನಾಗಿಯೇ ಅಡುಗೆಮನೆಗೆ ಹೋದಳು.

ಯಾಕೆಂದು ನನಗೆ ತಿಳಿದದ್ದು ಮೊನ್ನೆ, ಅವಳ ಜೊತೆ ಬೆಟ್ಟದ ಬುಡಕ್ಕೆ ಹೋದಾಗ. ಅತ್ತೆ ಕರೆದಳು. ಒಂದು ಕುರಿಯೂ ತಲೆ ಎತ್ತಲಿಲ್ಲ.

"ದಿನಾ ಇಂಗೇ ಕಣ್ಲಾ. ಅವಕ್ಕೆ ನಾನು ಯಾರೋ ಆಗ್ಬುಟ್ಟೆ. ಮಾರ್ಬುಡಾನ ಅಂತಾರೆ ನಿಮ್ ಮಾವ."

ನನ್ನ ಫೋನಿನಲ್ಲಿ ಅವಳ ಹಳೆಯ ವಾಯ್ಸ್ ಮೆಸೇಜೊಂದು ಉಳಿದಿತ್ತು. ಊರಿಗೆ ಬಾರದ ನನ್ನನ್ನು ಬೈಯುತ್ತಾ, ನಡುವೆ ಕುರಿಗಳನ್ನೂ ಕೂಗಿದ್ದಳು. ಅದನ್ನು ಹಾಕಿದೆ. ಮಂದೆಯೆಲ್ಲ ಒಮ್ಮೆಗೇ ತಲೆಯೆತ್ತಿ, ಧೂಳೆಬ್ಬಿಸಿಕೊಂಡು ಓಡಿಬಂದು ನನ್ನ ಕಾಲಿಗೆ ಮುತ್ತಿಕೊಂಡಿತು.

ಅತ್ತೆ ಸ್ವಲ್ಪ ಆಚೆ, ಕೋಲು ಹಿಡಿದು ಒಬ್ಬಳೇ ನಿಂತಿದ್ದಳು. ನನಗೆ ಯಾಕಾದರೂ ಹಾಕಿದೆನೋ ಅನ್ನಿಸಿತು.

"ನನ್ ದನಿ ಇಂಗಿತ್ತೇನ್ಲಾ?" ಎಂದಳು. ಆಮೇಲೆ, "ಇನ್ನೊಂದ್ ಸಲ ಹಾಕ್ಲಾ" ಎಂದು ಕುರಿಗಳ ಹಿಂದೆ ತಾನೂ ಬಂದು ನಿಂತಳು.