ನಿರ್ದೇಶಕರು ರಕ್ತದಲ್ಲಿ ಸಂಚರಿಸಿದ ಪ್ರಕರಣ

ಯಕೃತ್ತಿನ ಕ್ಯಾನ್ಸರ್ ಯಾರ ಪೂರ್ವಾನುಮತಿಯನ್ನೂ ಪಡೆಯದೆ ಹರಡುತ್ತದೆ. ಈ ಅಶಿಸ್ತು ನಮ್ಮ ಸಂಶೋಧನಾ ಸಂಸ್ಥೆಯ ಗಮನಕ್ಕೆ ಬಹಳ ಹಿಂದೆಯೇ ಬಂದಿದ್ದು, ಆ ಬಗ್ಗೆ ವಿಷಾದ ಸೂಚಿಸುವ ಠರಾವನ್ನು ಪ್ರತಿವರ್ಷ ತಪ್ಪದೆ ಅಂಗೀಕರಿಸಲಾಗುತ್ತಿತ್ತು. ಅದು ಹೇಗೆ ಹರಡುತ್ತದೆ ಎಂದು ಕಣ್ಣಿಟ್ಟು ನೋಡುವ ಕೆಲಸ ಮಾತ್ರ ಮೇಲಿನ ಮಹಡಿಯ ಸಂಶೋಧಕಿಯೊಬ್ಬರ ಪಾಲಿಗೆ ಬಂದಿತ್ತು. ಆ ಮಹಡಿಗೆ ಲಿಫ್ಟ್ ಹೋಗುತ್ತಿರಲಿಲ್ಲ. ಆದ್ದರಿಂದ ಅಲ್ಲಿಗೆ ಅಧಿಕಾರಿಗಳು ಯಾರೂ ಹೋಗುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಕೆಲಸ ನಡೆಯುತ್ತಿತ್ತು.

ನಾನು ಅದೇ ಸಂಸ್ಥೆಯ ಸಿಬ್ಬಂದಿ ಶಾಖೆಯಲ್ಲಿ ರಜೆ ವಿಷಯ ನೋಡಿಕೊಳ್ಳುವವನಾದ್ದರಿಂದ ಪ್ರಕರಣದ ಆದ್ಯಂತ ನನಗೆ ಗೊತ್ತು.

ಸಂಶೋಧಕಿ ಕಂಡುಹಿಡಿದದ್ದು ಇಷ್ಟು. ಗಡ್ಡೆಯ ಜೀವಕೋಶಗಳು ಒಂದು ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ರಕ್ತದಲ್ಲಿ ತೇಲಿಕೊಂಡು ಗಡ್ಡೆಗಿಂತ ಮುಂಚೆಯೇ ಶ್ವಾಸಕೋಶಕ್ಕೆ ಹೋಗಿ, ಅಲ್ಲಿನ ರಕ್ತನಾಳದ ಒಳಪದರವನ್ನು ಸಡಿಲಿಸಿ ಜಾಗ ಮಾಡಿಡುತ್ತದೆ. ಆಮೇಲೆ ಗಡ್ಡೆಯ ಜೀವಕೋಶಗಳು ಬಂದು ತಳವೂರುತ್ತವೆ. ಪ್ರೋಟೀನನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುವ ಮದ್ದೊಂದನ್ನು ಆಕೆ ಇಲಿಗಳಿಗೆ ಕೊಟ್ಟು ನೋಡಿದ್ದರು. ಆ ಇಲಿಗಳ ಶ್ವಾಸಕೋಶ ಶುಭ್ರವಾಗಿತ್ತು.

ಇದನ್ನು ಆಕೆ ಮೊದಲು ಹೇಳಿದ್ದು ಸಂಸ್ಥೆಯದೇ ನೆಲಮಹಡಿಯ ರೋಗಿಗಳ ವಾರ್ಡಿನಲ್ಲಿ ಮಲಗಿದ್ದ ತನ್ನ ಸೋದರಮಾವನಿಗೆ. ಮಾವ ದರ್ಜಿ. ತಾಯಿಯಿಲ್ಲದ ಸೊಸೆಯನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕೂರಿಸಿಕೊಂಡು ಓದಿಸಿದವನು. ಈಗ ಅವನ ಯಕೃತ್ತಿನಲ್ಲೇ ಗಡ್ಡೆ.

"ಅಂದ್ರೆ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯೋ ಹಾಗೆ," ಎಂದ ಮಾವ.

"ಹೂಂ ಮಾವ. ನಾವು ಕರವಸ್ತ್ರ ಎತ್ತಿ ಬಿಸಾಕ್ತೀವಿ."

"ಬೇಗ ಬಿಸಾಕು ಪುಟ್ಟಿ. ಈ ಬಸ್ಸು ಹೊರಡೋದು ನಂಗಿಷ್ಟ ಇಲ್ಲ."

ಪಕ್ಕದಲ್ಲಿ ಕುಳಿತಿದ್ದ ಮಾವನ ಹೆಂಡತಿ, ಅತ್ತೆ, ಅವನ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡದಿದ್ದರೆ ಮಾತ್ರ ಕತ್ತರಿಸಿ ತೆಗೆಯಬಹುದು, ಅದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬರುವವರೆಗೆ ಕಾಯಬೇಕು ಎಂದು ಶಸ್ತ್ರವೈದ್ಯರು ಹೇಳಿದ್ದರು. ಕಾಯುವ ಅಷ್ಟು ದಿನ ಅದು ಹರಡಬಾರದು. ಎಲ್ಲವೂ ಅಷ್ಟರ ಮೇಲೆ ನಿಂತಿತ್ತು.

ಮದ್ದನ್ನು ರೋಗಿಗಳಿಗೆ ಕೊಡಲು ಅನುಮತಿ ಕೋರಿದಾಗ ಮೂರು ವಿಭಾಗಗಳ ಮುಖ್ಯಸ್ಥರು ಸಭೆ ಸೇರಿದರು. ಸದರಿ ಪ್ರೋಟೀನು ಗಡ್ಡೆಯೊಳಗಿರುವಾಗ ಯಕೃತ್ ವಿಭಾಗಕ್ಕೂ, ಹೊರಬಿದ್ದ ಮೇಲೆ ರಕ್ತ ವಿಭಾಗಕ್ಕೂ, ತಲುಪಿದ ಮೇಲೆ ಶ್ವಾಸಕೋಶ ವಿಭಾಗಕ್ಕೂ ಸೇರುತ್ತದೆ. ವರ್ಗಾವಣೆ ಆದೇಶವಿಲ್ಲದೆ ಹೀಗೆ ವಿಭಾಗ ಬದಲಿಸುವುದು ಆಕ್ಷೇಪಾರ್ಹ ಎಂದು ಒಮ್ಮತಕ್ಕೆ ಬಂದು ವಿಷಯವನ್ನು ನಿರ್ದೇಶಕರಿಗೆ ಕಳುಹಿಸಿದರು.

ನಿರ್ದೇಶಕರು ಸಂಶೋಧಕಿಯನ್ನು ಕರೆಸಿದರು. "ಇದಕ್ಕೆ ಹೆಸರೇನಮ್ಮಾ?"

"ಇನ್ನೂ ಇಟ್ಟಿಲ್ಲ ಸಾರ್."

"ಜಗತ್ತಿನ ಎಲ್ಲಾ ಪುಸ್ತಕದಲ್ಲೂ ಬರುತ್ತೆ, ಅಲ್ವಾ?" ಎಂದು ಅವರು ಕಿಟಕಿಯಾಚೆ ನೋಡಿದರು. "ನನ್ನ ಹೆಸರೇ ಇಡಬೇಕು ಅಂತ ನಾನು ಹೇಳಲ್ಲ. ನನಗೆ ಅಂಥ ಆಸೆಗಳಿಲ್ಲ. ಹುದ್ದೆಯ ಹೆಸರು ಸಾಕು. 'ನಿರ್ದೇಶಕ' ಅಂತಿರಲಿ."

"ಸಾರ್, ಅದು ಕೆಟ್ಟ ಪ್ರೋಟೀನು."

"ಕೆಟ್ಟದ್ದಾದರೇನು, ಪ್ರಭಾವಶಾಲಿ ತಾನೇ?"

ಹೆಸರು ಅಂಗೀಕಾರವಾಯಿತು. ಸಿಹಿ ಹಂಚಲಾಯಿತು. ಸಂಸ್ಥೆಯ ವಾರ್ಷಿಕ ವರದಿ ಹೀಗೆ ಪ್ರಕಟವಾಯಿತು: "ನಿರ್ದೇಶಕ ಗಡ್ಡೆಯಲ್ಲಿ ಹುಟ್ಟಿ, ರಕ್ತದಲ್ಲಿ ಮುಕ್ತವಾಗಿ ಸಂಚರಿಸಿ, ಆರೋಗ್ಯವಂತ ಅಂಗಗಳನ್ನು ಸಡಿಲಗೊಳಿಸಿ ಕ್ಯಾನ್ಸರಿಗೆ ಜಾಗ ಮಾಡಿಕೊಡುತ್ತದೆ. ನಿರ್ದೇಶಕನನ್ನು ತಡೆದಲ್ಲಿ ರೋಗಿಗಳು ಉಳಿಯುವ ಸಂಭವವಿದೆ."

ಮರುದಿನದ ಪತ್ರಿಕೆಯಲ್ಲಿ "ಕ್ಯಾನ್ಸರ್ ಹರಡಲು ನಿರ್ದೇಶಕರೇ ಕಾರಣ: ಸಂಸ್ಥೆಯಿಂದಲೇ ತಪ್ಪೊಪ್ಪಿಗೆ" ಎಂದು ದಪ್ಪ ಅಕ್ಷರದಲ್ಲಿ ಬಂತು. ನಿರ್ದೇಶಕರ ಪತ್ನಿ ಕಚೇರಿಗೇ ಫೋನ್ ಮಾಡಿ, "ರೀ, ಯಾರಿಗೆ ಏನು ಅಂಟಿಸಿದ್ರಿ? ಎದುರು ಮನೆಯವರು ಕೇಳ್ತಿದಾರೆ," ಎಂದರು.

ಹೆಸರು ಹಿಂತೆಗೆದುಕೊಂಡರೆ ಆಪಾದನೆ ಒಪ್ಪಿದಂತಾಗುತ್ತದೆ ಎಂದು ನಿರ್ದೇಶಕರು ನಿರ್ಧರಿಸಿದರು. ಬದಲಿಗೆ ಸುತ್ತೋಲೆ ಹೊರಟಿತು. ಇನ್ನು ಮುಂದೆ ಪ್ರೋಟೀನನ್ನು ಬಹುವಚನದಲ್ಲಿಯೇ ಸಂಬೋಧಿಸತಕ್ಕದ್ದು. ಪ್ರೋಟೀನು ಶ್ವಾಸಕೋಶಕ್ಕೆ "ಹರಡಿತು" ಎನ್ನದೆ "ಭೇಟಿ ನೀಡಿದರು" ಎನ್ನತಕ್ಕದ್ದು. ನಿರ್ದೇಶಕರನ್ನು ತಡೆಯುವ, ಹಿಡಿಯುವ ಅಥವಾ ಕಟ್ಟಿಹಾಕುವ ಯಾವುದೇ ಮದ್ದಿನ ಬಳಕೆಯನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಇಲಿಗಳನ್ನು ಬಳಸಿಕೊಂಡು ನಿರ್ದೇಶಕರ ಸಂಚಾರಕ್ಕೆ ಅಡ್ಡಿಪಡಿಸಿದ ಬಗ್ಗೆ ಸಂಶೋಧಕಿಯಿಂದ ವಿವರಣೆ ಕೇಳಲಾಯಿತು. ಇಲಿಗಳು ಸಿಬ್ಬಂದಿಯಲ್ಲ ಎಂದು ನಾನು ಸ್ಪಷ್ಟಪಡಿಸಿದ್ದರಿಂದ ಅವನ್ನು ಬಿಡಲಾಯಿತು.

ಸಂಶೋಧಕಿ ನಿರ್ದೇಶಕರ ಕೋಣೆಗೆ ಓಡಿದರು. ನಾನು ಅಲ್ಲೇ ನಿಂತಿದ್ದೆ.

"ಸಾರ್, ಕೆಳಗಿನ ವಾರ್ಡಲ್ಲಿ ನನ್ನ ಸೋದರಮಾವ ಇದಾರೆ. ಶ್ವಾಸಕೋಶ ಇವತ್ತಿಗೆ ಚೆನ್ನಾಗಿದೆ. ನಾಳೆ ಹೇಗಿರುತ್ತೋ ಗೊತ್ತಿಲ್ಲ. ಮದ್ದು ಸಿದ್ಧ ಇದೆ."

ನಿರ್ದೇಶಕರು ಮುಂದಕ್ಕೆ ಬಾಗಿದರು. "ಅವರ ರಕ್ತದಲ್ಲಿ ನಾನು ಎಷ್ಟಿದೀನಿ?"

"ತುಂಬಾ ಇದೀರಿ ಸಾರ್."

"ನೋಡಿದ್ಯಾ!" ಎಂದು ಅವರು ನನ್ನ ಕಡೆ ತಿರುಗಿ ಹೆಮ್ಮೆಪಟ್ಟರು. "ಸಾಮಾನ್ಯ ಜನರ ಜೊತೆ ಬೆರೆಯಲ್ಲ ಅಂತ ನನ್ನ ಮೇಲೆ ದೂರು ಬರೀತಾರೆ."

ಆಕೆ ಹೊರಬಂದು ಮೆಟ್ಟಿಲ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಅತ್ತೆ ಚಹಾ ತೆಗೆದುಕೊಂಡು ಹೋಗುತ್ತಿದ್ದವಳು ನಿಂತಳು. ವಿಷಯ ಕೇಳಿ, "ಅಲ್ಲಮ್ಮಾ, ಆ ಯಪ್ಪನಿಗೆ ಅಡ್ಡ ಹಾಕೋ ಅಷ್ಟು ಧೈರ್ಯ ಈ ಆಫೀಸಲ್ಲಿ ಯಾರಿಗಿದೆ?" ಎಂದಳು.

"ಧೈರ್ಯ ಯಾರಿಗೂ ಇಲ್ಲ ಅತ್ತೆ. ಆಸೆ ಮಾತ್ರ ಒಬ್ಬರಿಗಿದೆ," ಎಂದ ಸಂಶೋಧಕಿ ಕಣ್ಣೊರೆಸಿಕೊಂಡು ಎದ್ದರು. ನೇರ ಉಪನಿರ್ದೇಶಕರ ಕೋಣೆಗೆ ಹೋದರು.

ಉಪನಿರ್ದೇಶಕರು ಪಕ್ಕದ ಕೋಣೆಯ ಕುರ್ಚಿಯನ್ನು ಗೋಡೆಯ ಮೂಲಕವೇ ನೋಡುತ್ತ ವಯಸ್ಸು ಸವೆಸಿದವರು. ಮದ್ದಿಗೆ ಇನ್ನೂ ಹೆಸರಿಲ್ಲ ಎಂದು ಆಕೆ ಅರಿಕೆ ಮಾಡಿಕೊಂಡರು.

"ಅದರ ಕೆಲಸ ಏನು?"

"ರಕ್ತಕ್ಕಿಳಿದು, ನಿರ್ದೇಶಕರನ್ನು ಹುಡುಕಿ, ಗಟ್ಟಿಯಾಗಿ ಅಪ್ಪಿಕೊಂಡು, ಅಲ್ಲಾಡದ ಹಾಗೆ ಮಾಡುತ್ತೆ ಸಾರ್."

ಉಪನಿರ್ದೇಶಕರು ಎದ್ದು ಬಾಗಿಲು ಹಾಕಿಕೊಂಡು ಬಂದರು. "ಇನ್ನೊಂದ್ಸಲ ಹೇಳಿ," ಎಂದರು.

ಆ ಸಂಜೆಯೇ ಅವರು ಸ್ವಹಸ್ತದಿಂದ ಟಿಪ್ಪಣಿ ಬರೆದರು. ಮಾನ್ಯ ನಿರ್ದೇಶಕರು ರೋಗಿಗಳ ರಕ್ತದಲ್ಲಿ ಒಂಟಿಯಾಗಿ ಪ್ರವಾಸ ಕೈಗೊಳ್ಳುತ್ತಿರುವುದು ಅವರ ಘನತೆಗೆ ತಕ್ಕುದಲ್ಲ. ಎಲ್ಲಿಗೆ ಹೋದರೂ ಅವರಿಗೆ ಅಂಟಿಕೊಂಡಿರುವುದು ಅಧೀನ ಅಧಿಕಾರಿಯ ಕರ್ತವ್ಯ. ಆದ್ದರಿಂದ ಮದ್ದಿಗೆ "ಉಪನಿರ್ದೇಶಕ" ಎಂದು ಹೆಸರಿಟ್ಟು ಅವರ ಸೇವೆಗೆ ನಿಯೋಜಿಸಬಹುದು. ನಿರ್ದೇಶಕರಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಉಪನಿರ್ದೇಶಕರು ತಮ್ಮ ಬಗ್ಗೆ ಒಳ್ಳೆಯ ಮಾತು ಬರೆದದ್ದು ಇದೇ ಮೊದಲು. ಕೂಡಲೇ ಸಹಿ ಹಾಕಿದರು.

ಮಾವನ ತೋಳಿಗೆ ಸೂಜಿ ಚುಚ್ಚಲಾಯಿತು. ದಾದಿ ಬಾಟಲಿ ತೂಗುಹಾಕುತ್ತ, "ತಾತ, ಉಪನಿರ್ದೇಶಕರನ್ನ ಬಿಡ್ತಿದೀನಿ, ಕೈ ಅಲ್ಲಾಡಿಸಬೇಡಿ," ಎನ್ನುವಳು. ಮಾವ ಕಣ್ಣುಮುಚ್ಚಿ, "ಬರಲಿ, ಬರಲಿ. ಇವರಾದರೂ ಕೆಲಸ ಮಾಡ್ತಾರಾ?" ಎನ್ನುವನು. ಮದ್ದು ಹೋದ ದಿನ ಅವನಿಗೆ ಚಳಿ ಹತ್ತುತ್ತಿತ್ತು, ಊಟ ಸೇರುತ್ತಿರಲಿಲ್ಲ. ಅತ್ತೆ ಅವನ ಪಾದ ತಿಕ್ಕುತ್ತ, ಮೇಲಧಿಕಾರಿಗಳಿಬ್ಬರಿಗೂ ಸಮಸಮವಾಗಿ ಶಾಪ ಹಾಕುತ್ತಿದ್ದಳು. ಸಂಶೋಧಕಿ ಮಾವನ ಶ್ವಾಸಕೋಶದ ಸ್ಕ್ಯಾನ್ ಚಿತ್ರ ಬಂದಾಗಲೆಲ್ಲ ಒಬ್ಬರೇ ಗೋಡೆಗೆ ತಿರುಗಿ ನೋಡಿ, ಆಮೇಲೆ ಇತ್ತ ತಿರುಗುತ್ತಿದ್ದರು. ಪ್ರತಿ ಬಾರಿ ತಿರುಗಿದಾಗಲೂ ನಗುತ್ತಿದ್ದರು. ಕೊನೆಗೆ ಶಸ್ತ್ರವೈದ್ಯರು ಗಡ್ಡೆಯನ್ನು ಕತ್ತರಿಸಿ ತೆಗೆದರು. ಮಾವ ಬದುಕಿದ.

ಇಲ್ಲಿಯೇ ಆಡಳಿತಾತ್ಮಕ ತೊಡಕು ಎದ್ದಿತು. ಮಾವನ ರಕ್ತಪರೀಕ್ಷೆಯಲ್ಲಿ "ನಿರ್ದೇಶಕರು: ಶೂನ್ಯ" ಎಂದು ಬಂದಿತ್ತು. ನಿರ್ದೇಶಕರು ಅದನ್ನು ಮೇಜಿನ ಮೇಲೆ ಕುಕ್ಕಿದರು. "ನಾನು ಶೂನ್ಯ ಅಂತ ಯಾರು ಬರೆದಿದ್ದು?"

ಮಾವನನ್ನು ವಾರ್ಡಿನಿಂದ ಬಿಡುಗಡೆ ಮಾಡಬೇಕಾದರೆ ಬೇರೆ ಪದ ಬೇಕಾಯಿತು. ನನ್ನನ್ನು ಕೇಳಿದರು. ಅಧಿಕಾರಿಯೊಬ್ಬರು ಇರಬೇಕಾದ ಕಡೆ ಇಲ್ಲದಿದ್ದರೆ ನಿಯಮದ ಪ್ರಕಾರ ಅವರು ರಜೆಯಲ್ಲಿದ್ದಾರೆ ಎಂದರ್ಥ, ಎಂದೆ. ಎಲ್ಲರಿಗೂ ಒಪ್ಪಿಗೆಯಾಯಿತು. "ನಿರ್ದೇಶಕರು ರಜೆಯಲ್ಲಿದ್ದಾರೆ, ಉಪನಿರ್ದೇಶಕರು ಪ್ರಭಾರದಲ್ಲಿದ್ದಾರೆ" ಎಂದು ಬರೆದು ನಿರ್ದೇಶಕರ ಸಹಿಯನ್ನೇ ಪಡೆದು ಮಾವನನ್ನು ಮನೆಗೆ ಕಳುಹಿಸಲಾಯಿತು. ಅತ್ತೆ ಹೊರಡುವಾಗ ನಿರ್ದೇಶಕರಿಗೆ ಕೈಮುಗಿದು, "ದಯವಿಟ್ಟು ಮತ್ತೆ ಬರಬೇಡಿ ಸ್ವಾಮಿ," ಎಂದಳು.

ನಿರ್ದೇಶಕರು ತಮ್ಮ ಸಹಿಯಿಂದಲೇ ರಜೆಯಲ್ಲಿದ್ದೇನೆ ಎಂದು ದೃಢಪಡಿಸಿದ ಮೇಲೆ ನಾನು ಆ ದಿನಗಳನ್ನು ಅವರ ರಜೆಯ ಲೆಕ್ಕದಿಂದ ಕಳೆಯದೆ ಇರುವಂತಿರಲಿಲ್ಲ. ಕಳೆದೆ. ಮುಂದಿನ ರೋಗಿ ಗುಣವಾದಾಗಲೂ ಕಳೆದೆ. ಮದ್ದು ಎಲ್ಲರಿಗೂ ಹಿಡಿಸಲಿಲ್ಲ. ಹಿಡಿಸಿದವರ ಲೆಕ್ಕಕ್ಕೇ ನಿರ್ದೇಶಕರ ಸಾಂದರ್ಭಿಕ ರಜೆ ಮುಗಿದು, ಗಳಿಕೆ ರಜೆ ಮುಗಿದು, ವೇತನರಹಿತ ರಜೆ ಆರಂಭವಾಯಿತು. ಅವರು ಒಮ್ಮೆ ನನ್ನ ಬಳಿ ಬಂದು, "ನಾನು ಇಲ್ಲೇ ನಿಂತಿದೀನಲ್ಲಯ್ಯಾ," ಎಂದರು. ರಜೆಯಲ್ಲಿರುವವರು ಕಚೇರಿಯಲ್ಲಿ ನಿಲ್ಲುವುದು ನಿಯಮಬಾಹಿರ ಎಂದು ವಿನಯದಿಂದ ತಿಳಿಸಿದೆ. ಆ ನಿಯಮದ ಸುತ್ತೋಲೆಯನ್ನು ಹಿಂದೊಮ್ಮೆ ಹೊರಡಿಸಿದವರು ಅವರೇ ಆಗಿದ್ದರು. ಅವರು ಒಪ್ಪಿದರು. ಉಪನಿರ್ದೇಶಕರು ಕುರ್ಚಿ ಸರಿಸಿ ಕುಳಿತರು.

ಈಗಲೂ ನಿರ್ದೇಶಕರು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಸಂಸ್ಥೆಯ ಗೇಟಿನವರೆಗೆ ಬರುತ್ತಾರೆ. ಕಾವಲುಗಾರ ಎದ್ದು ಸಲಾಮು ಹೊಡೆಯುತ್ತಾನೆ.

"ಇವತ್ತೇನು ಸಮಾಚಾರ?"

"ವಾರ್ಡಿನಲ್ಲಿ ಇನ್ನೊಬ್ಬರು ಹುಷಾರಾದ್ರು ಸಾರ್. ತಾವು ಮನೆಗೆ ಹೊರಡಬಹುದು."

"ಖಂಡಿತಾ ಹುಷಾರಾದರಾ?"

"ಖಂಡಿತಾ ಸಾರ್. ನಾನೇ ಆಟೋ ಹತ್ತಿಸಿ ಬಂದೆ."

"ಸರಿ ಹಾಗಾದರೆ," ಎಂದು ನಿರ್ದೇಶಕರು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹಿಂದಿರುಗುತ್ತಾರೆ.