ಬೇಗ ಕೆಡೋದು ಕೊಡಿ

ಆ ಭಾನುವಾರ ಬೆಳಿಗ್ಗೆ ಚಲುವರಾಜು ಜಗುಲಿಯ ಮೇಲೆ ಕುಳಿತು, ಹಾರ್ಡ್ ಡಿಸ್ಕುಗಳ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ಮೊಬೈಲಿನಲ್ಲಿ ಓದುತ್ತಿದ್ದ. ಲೋಕದಲ್ಲಿ ಎಲ್ಲರೂ ಐದು ನಕ್ಷತ್ರದ ಸರಕು ಹುಡುಕಿದರೆ, ಅವನು ಒಂದೇ ನಕ್ಷತ್ರದ್ದನ್ನು ಹುಡುಕುತ್ತಿದ್ದ. 'ತಂದ ವಾರಕ್ಕೇ ಸತ್ತಿತು', 'ಮಗಳ ನಾಮಕರಣದ ಫೋಟೋ ಎಲ್ಲಾ ಹೋದವು, ದಯವಿಟ್ಟು ಯಾರೂ ಕೊಳ್ಳಬೇಡಿ' ಎಂಬಂಥ ಸಾಲು ಸಿಕ್ಕಿದಾಗೆಲ್ಲ ಅವನ ಮುಖ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅರಳುತ್ತಿತ್ತು.

ಇದಕ್ಕೆಲ್ಲ ಕಾರಣ ಹಾಗಲಕಾಯಿ.

ಭಾರತೀನಗರದಲ್ಲಿ ಮನೆ, ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ. ಹೀಗಿದ್ದ ಚಲುವರಾಜುವಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವನು ನಿಯತ್ತಾಗಿ ನುಂಗುತ್ತಿದ್ದ. ಆದರೆ ಹೆಂಡತಿ ದೀಪಿಕ ಅದರ ಜೊತೆಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಗಲಕಾಯಿ ರಸವನ್ನೂ ಕೊಡುತ್ತಿದ್ದಳು. "ಗಾಳೀಲಿ ನಿಂತ್ಕೊಂಡ್ ಕುಡುದ್ರೆ ಗಂಟ್ಲಲ್ಲಿ ಇಳೀತದೆ" ಎಂದು ಅವನು ಲೋಟವನ್ನು ಅಂಗಳಕ್ಕೆ ತರುತ್ತಿದ್ದ. ಅತ್ತಿತ್ತ ನೋಡಿ, ಗಿಡ್ಡ ಕಾಂಪೌಂಡಿನಾಚೆಗಿದ್ದ ಪಕ್ಕದ ಮನೆ ಚಿಕ್ಕಬೋರಮ್ಮನ ಕರಿಬೇವಿನ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದ. ಸಿಂಕಿನ ಮುಂದೆ ಸದಾ ದೀಪಿಕ, ಹಿತ್ತಲಿನಲ್ಲಿ ಸದಾ ಅಮ್ಮ. ಅಂಗಳ ಬಿಟ್ಟರೆ ಅವನಿಗೆ ಬೇರೆ ಗತಿ ಇರಲಿಲ್ಲ.

ಅಷ್ಟರಲ್ಲಿ ಯಾರೋ ನಸುಕಿನಲ್ಲಿ ಅಂಗಳದ ದಾಸವಾಳ ಕೀಳಲು ಶುರು ಮಾಡಿದರು. ದೀಪಿಕ ಒಂದು ಕ್ಯಾಮೆರಾ ಹಾಕಿಸಿದಳು. ಅದು ಕಂಡದ್ದೆಲ್ಲ ನಡುಮನೆಯ ಹಳೇ ಕಂಪ್ಯೂಟರಿನಲ್ಲಿ ದಾಖಲಾಗಬೇಕಿತ್ತು. ಆದರೆ ಅದನ್ನೆಲ್ಲ ತುಂಬಿಡಬೇಕಿದ್ದ ಹಾರ್ಡ್ ಡಿಸ್ಕಿಗೆ ವಯಸ್ಸಾಗಿತ್ತು. ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು, ಕಂಪ್ಯೂಟರಿಗೆ ಒಂದೂ ನೆನಪಿರುತ್ತಿರಲಿಲ್ಲ. ಚಲುವರಾಜು ಇಷ್ಟು ದಿನ ಬದುಕಿದ್ದುದು ಆ ಮರೆವಿನ ಪುಣ್ಯದಿಂದ.

"ರೀ, ಇವತ್ತು ಮಂಡ್ಯಕ್ಕೆ ಹೋಗಿ ಹೊಸ ಹಾರ್ಡ್ ಡಿಸ್ಕ್ ತಂದ್ಬಿಡಿ" ಎಂದಳು ದೀಪಿಕ, ಬಾಗಿಲಲ್ಲಿ ನಿಂತು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಒಂದು ಮಿಕ್ಸಿ ಕೊಳ್ಳುವುದಕ್ಕೆ ಮಂಡ್ಯದ ಅಂಗಡಿಗಳನ್ನೆಲ್ಲ ಸುತ್ತಿ, ಅಂಗಡಿಯವರೇ ಕೈ ಮುಗಿಯುವ ಹಾಗೆ ಮಾಡಿದವಳು. "ವಾರಂಟಿ ಕೇಳಿ. ಸದ್ದು ಮಾಡ್ತದಾ, ಬಿಸಿ ಆಗ್ತದಾ ನೋಡಿ. ಓಡಿಸಿ ತೋರಿಸದೆ ಇದ್ರೆ ತಗೋಬೇಡಿ."

"ನೋಡ್ತಾ ಇವ್ನಿ, ನೋಡ್ತಾ ಇವ್ನಿ" ಎಂದು ಚಲುವರಾಜು ಮೊಬೈಲು ಮುಚ್ಚಿಟ್ಟ. ಮಂಡ್ಯ ಜಿಲ್ಲೆಯಲ್ಲೇ ಅತ್ಯಂತ ಕೆಟ್ಟ ಹಾರ್ಡ್ ಡಿಸ್ಕನ್ನು ತರುವುದೆಂದು ಅವನು ಆಗಲೇ ಸಂಕಲ್ಪ ಮಾಡಿಯಾಗಿತ್ತು.

ಸಂಕಲ್ಪಕ್ಕೆ ಮೊದಲ ವಿಘ್ನ ಬಸ್ ಸ್ಟ್ಯಾಂಡಿನಲ್ಲೇ ಕಾದಿತ್ತು. ಬ್ಲಫ್ ಎಂಬಲ್ಲಿಯ ಜಲವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಎದುರುಮನೆ ಮಹದೇವಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು.

"ನಿನ್ನೆಂಡ್ತಿ ಏಳುದ್ಲು ಕಣಪ್ಪ, ಡಿಸ್ಕ್ ತರಕ್ಕೆ ಓಯ್ತಾ ಇದೀಯ ಅಂತ. ನೀನೊಬ್ನೇ ಓದ್ರೆ ಟೋಪಿ ಆಕುಸ್ಕೊಂಡ್ ಬತ್ತೀಯ. ನಡಿ, ನಾನಿವ್ನಿ."

"ನಿಮ್ಗ್ಯಾಕೆ ತೊಂದ್ರೆ ಮಾದೇವಣ್ಣ..."

"ತೊಂದ್ರೆ ಏನ್ ಬಂತು? ರಿಟೈರ್ ಆದ್ಮೇಲೆ ನಂಗಿರೋದೇ ಬೇರೆಯೋರ್ ಕೆಲ್ಸ."

ಮಂಡ್ಯದಲ್ಲಿ ಪ್ರಸನ್ನನ ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟಾಗ ಚಲುವರಾಜು ಬಾಯಿ ತೆರೆಯುವ ಮೊದಲೇ ಮಹದೇವಯ್ಯ ಕುರ್ಚಿ ಎಳೆದುಕೊಂಡು ಕುಳಿತರು. "ಗಟ್ಟಿಮುಟ್ಟಾಗಿರೋ ಡಿಸ್ಕ್ ತೆಗಿಯಪ್ಪ. ಓಡ್ಸಿ ತೋರ್ಸು. ಟರ್ಬೈನ್ ಪಕ್ದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋನು ನಾನು. ತಿರುಗೋದು ಯಾವ್ದೇ ಆಗ್ಲಿ, ಸದ್ದಲ್ಲೇ ಅದ್ರ ಆಯಸ್ಸು ಏಳ್ಬುಡ್ತೀನಿ."

ಪ್ರಸನ್ನ ಹೊಸದೊಂದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಮಹದೇವಯ್ಯ ಕಣ್ಣು ಮುಚ್ಚಿ, ಕೂಸಿನ ಎದೆಗೆ ಕಿವಿಯಿಟ್ಟಂತೆ ಅದಕ್ಕೆ ಕಿವಿಯಿಟ್ಟರು. "ಆಹಾ! ಉಂಡ್ ಮಲಗಿದ್ ಮಗಾ ಉಸಿರಾಡ್ದಂಗದೆ."

ತೆರೆಯ ಮೇಲೆ ನೀಲಿ ಚೌಕವೊಂದು ಮೂಡಿತು. "ನೀಲಿ ಬಂದ್ರೆ ಆರೋಗ್ಯ ಚೆನ್ನಾಗಿದೆ ಅಂತ ಸಾರ್" ಎಂದ ಪ್ರಸನ್ನ. "ಹಳದಿ ಬಂದ್ರೆ ಹುಷಾರು. ಕೆಂಪು ಬಂದ್ರೆ ಆಸೆ ಬಿಡೋದೇ. ಇದಕ್ಕೆ ಐದು ವರ್ಷ ವಾರಂಟಿ."

ಐದು ವರ್ಷ! ಐದು ವರ್ಷದ ಹಾಗಲಕಾಯಿಗಳು ಸಾಲಾಗಿ ಬಂದು ಎದುರಿಗೆ ನಿಂತಂತಾಗಿ ಚಲುವರಾಜುವಿನ ನಾಲಿಗೆ ಅಲ್ಲೇ ಕಹಿಯಾಯಿತು.

"ಮಾದೇವಣ್ಣ, ಬಿಸ್ಲಲ್ಲಿ ಬಂದಿದೀರ. ಎದ್ರುಗೇ ಕಬ್ಬಿನಾಲು ಅದೆ, ಕುಡ್ಕೊಂಡ್ ಬನ್ನಿ. ನಂಗಂತೂ ಆ ಭಾಗ್ಯ ಇಲ್ಲ."

ಮಹದೇವಯ್ಯ ರಸ್ತೆ ದಾಟಿದ್ದೇ ತಡ, ಚಲುವರಾಜು ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ. "ಬೇಗ ಕೆಡೋದು ಕೊಡಿ."

ಪ್ರಸನ್ನ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. "ಏನಂದ್ರಿ ಸಾರ್?"

"ಇನ್ನೇನು ಕೆಟ್ಟೋಯ್ತದೆ ಅನ್ನೋ ಡಿಸ್ಕ್ ಕೊಡಪ್ಪ. ಇದು ಬಾಳಿಕೆ ಬಂದ್ರೆ ನಾನು ಬಾಳಂಗಿಲ್ಲ."

ಇಂಥ ಗಿರಾಕಿಯನ್ನು ಪ್ರಸನ್ನ ಕಂಡಿರಲಿಲ್ಲ. ಆದರೂ ಡ್ರಾಯರಿನ ಮೂಲೆಯಿಂದ ಎರಡು ಹಳೇ ಡಿಸ್ಕು ತೆಗೆದ. ಮೊದಲನೆಯದಕ್ಕೆ ಹಳದಿ ಬಂತು.

"ಇದು ಹೆಂಗೋ ಕುಂಟ್ಕೊಂಡು ಒಂದಷ್ಟು ದಿನ ನಡೀತದೆ ಸಾರ್."

"ಬ್ಯಾಡ, ಬ್ಯಾಡ. ತೆಗಿ ಅದ್ನ."

ಎರಡನೆಯದು ಒಂದು ಸಲ 'ಕಟ್' ಎಂದಿತು. ತೆರೆ ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ಚಲುವರಾಜುವಿಗೆ ಕಣ್ಣು ತುಂಬಿ ಬಂತು.

"ಗುಜರಿಗೆ ಹಾಕೋಣಾಂತ ಇಟ್ಟಿದ್ದೆ. ಇವತ್ತೋ, ನಾಳೆಯೋ..."

"ಇದೇ ಕಣಪ್ಪ! ಹೊಸದರ ಖಾಲಿ ಡಬ್ಬ ಇದ್ರೆ ಅದ್ರಲ್ಲಿ ಆಕ್ಕೊಡು."

"ನಮ್ಮ ಅಂಗಡೀದು ಅಂತ ಮಾತ್ರ ಯಾರ್ಗೂ ಹೇಳ್ಬೇಡಿ ಸಾರ್. ನಿಮ್ಮ ದಮ್ಮಯ್ಯ" ಎಂದು ಪ್ರಸನ್ನ ಡಬ್ಬ ಮುಚ್ಚಿಕೊಟ್ಟ.

ಮಧ್ಯಾಹ್ನ ಮನೆಯಲ್ಲಿ ಚಲುವರಾಜು ತಾನೇ ಸ್ಕ್ರೂ ತಿರುಗಿಸಿ ಡಿಸ್ಕನ್ನು ಕೂರಿಸಿದ. ಸ್ವಿಚ್ಚು ಹಾಕಿ, ಅದು 'ಕಟ್' ಎನ್ನುವುದನ್ನೇ ಕಾಯುತ್ತ ನಿಂತ. ಅನ್ನಲಿಲ್ಲ. ಡಿಸ್ಕು ಹೊಸ ಅಳಿಯನಂತೆ ತುಟಿಪಿಟಕ್ಕೆನ್ನದೆ ಕೆಲಸ ಶುರು ಮಾಡಿತು. ದೀಪಿಕ ಆಗಷ್ಟೇ ದಾಖಲಾದ ದೃಶ್ಯವನ್ನು ಹಾಕಿ ನೋಡಿ ಹಿಗ್ಗಿದಳು. "ನೋಡಿ ರೀ, ನಿಮ್ಮ ಅಂಗಿ ಗುಂಡಿ ಬಿಟ್ಟೋಗಿರೋದೂ ಕಾಣ್ತದೆ!"

"ನಾನು ಕಿವಿಯಿಟ್ಟು ಆರಿಸಿದ್ದು ಕಣವ್ವ" ಎಂದರು ಮಹದೇವಯ್ಯ, ಕಾಫಿ ಹೀರುತ್ತ.

ಚಲುವರಾಜು ಕಂಪ್ಯೂಟರನ್ನೇ ದುರುಗುಟ್ಟಿ ನೋಡಿದ. ಆ ಪ್ರಸನ್ನ ಎಂಥಾ ಮೋಸಗಾರ! ಕೆಟ್ಟದ್ದು ಎಂದು ನಂಬಿಸಿ ಒಳ್ಳೆಯದನ್ನು ಕೊಟ್ಟುಬಿಟ್ಟಿದ್ದಾನೆ.

ಸಂಜೆಯ ಲೋಟ ಬಂತು. ಚಲುವರಾಜು ಯೋಚನೆಯಲ್ಲೇ ಅಂಗಳಕ್ಕಿಳಿದ. ಕಾಲು ಅಭ್ಯಾಸಬಲದಿಂದ ಕಾಂಪೌಂಡಿನ ಬಳಿಗೆ ಹೋಯಿತು, ಕೈ ಅಭ್ಯಾಸಬಲದಿಂದ ಲೋಟವನ್ನು ಓರೆ ಮಾಡಿತು. ಅಷ್ಟರಲ್ಲಿ ಮೇಲೆ ಕ್ಯಾಮೆರಾದ ಕೆಂಪು ಚುಕ್ಕಿ ಅವನ ಕಣ್ಣಿಗೆ ಬಿತ್ತು. ಕೈ ಅಲ್ಲೇ ನಿಂತಿತು. ರಸದ ತೊಟ್ಟೊಂದು ಲೋಟದ ಅಂಚಿನಲ್ಲಿ ತೂಗಿ ಹಿಂದಕ್ಕೆ ಸರಿಯಿತು.

ಒಂದು ವರ್ಷದಲ್ಲಿ ಮೊದಲ ಸಲ, ಚಲುವರಾಜು ಹಾಗಲಕಾಯಿ ರಸ ಕುಡಿದ. ಮೈಯೆಲ್ಲ ಮುಳ್ಳೆದ್ದಿತು, ಕಣ್ಣು ಒಳಕ್ಕೆ ಹೋಗಿ ಹೊರಕ್ಕೆ ಬಂತು. ಆದರೂ ಬಿಡದೆ ಪೂರ್ತಿ ಕುಡಿದು, ಖಾಲಿ ಲೋಟವನ್ನು ಕ್ಯಾಮೆರಾದ ಮುಂದೆ ಬೋರಲು ಹಿಡಿದು ತೋರಿಸಿ, ಎದೆಯುಬ್ಬಿಸಿ ಒಳಗೆ ಬಂದ.

ಹಿಂದೆಯೇ ಚಿಕ್ಕಬೋರಮ್ಮ ಬಂದಳು, ಕೈಯಲ್ಲಿ ಕರಿಬೇವಿನ ಕಡ್ಡಿ.

"ಏನವ್ವಾ ದೀಪಿಕ, ನಿನ್ ಗಂಡ ನನ್ ಕರ್ಬೇವಿಗೆ ಏನುಯ್ತಾನೆ? ಬುಡ ಎಲ್ಲಾ ಅಸುರ್ ಪಾಚಿ! ಎಲೆ ಸಾರಿಗಾಕುದ್ರೆ ಸಾರೆಲ್ಲಾ ಕಯ್ಯಿ! ಈಗ್ತಾನೆ ಲೋಟ ಬಗ್ಸಿದ್ನ ಕಿಟ್ಕೀಲಿ ಕಂಡೆ ಕಣವ್ವ. ಬಡ್ಕೊಂಡು ಓಡ್ಬಂದೆ."

ಎಂದೂ ಹೇಳದ ನಿಜ ಚಲುವರಾಜುವಿನ ಬಾಯಿಂದ ಹಾರಿತು. "ಸುಳ್ಳು! ಇವತ್ತು ನಾನು ಕುಡ್ದಿವ್ನಿ!"

ದೀಪಿಕ ನಿಧಾನವಾಗಿ ತಿರುಗಿದಳು. "ಇವತ್ತು ಅಂದ್ರೆ?"

"ಅಂದ್ರೆ... ದಿನಾ ಕುಡಿಯೋ ಅಂಗೇ ಇವತ್ತೂವೆ" ಎಂದು ಚಲುವರಾಜು ತೇಪೆ ಹಾಕಿದ. ಆಮೇಲೆ ಧೈರ್ಯ ಬಂತು. ನಿಜವೇ ಅವನ ಕಡೆಗಿತ್ತಲ್ಲ! "ಬೇಕಾದ್ರೆ ಕ್ಯಾಮ್ರಾ ಆಕ್ ನೋಡು. ಎಲ್ಲಾರ್ ಮುಂದೇನೇ ಆಕು! ಮಾದೇವಣ್ಣ, ನೀವೂ ಬನ್ನಿ!"

ಎದುರುಮನೆಯಿಂದ ಮಹದೇವಯ್ಯ ಬಂದರು. ನಾಲ್ವರೂ ಕಂಪ್ಯೂಟರಿನ ಮುಂದೆ ನಿಂತರು. ತೆರೆಯ ಮೇಲೆ ಚಲುವರಾಜು ಲೋಟ ಹಿಡಿದು ಅಂಗಳಕ್ಕಿಳಿದ. ಕಳ್ಳಬೆಕ್ಕಿನಂತೆ ಕಾಂಪೌಂಡಿನ ಬಳಿಗೆ ಹೋದ. ಕರಿಬೇವಿನ ಮೇಲೆ ಲೋಟ ಓರೆ ಮಾಡಿದ.

"ಈಗ ನೋಡಿ, ಈಗ ನೋಡಿ!" ಎಂದು ಚಲುವರಾಜು ಕುಣಿದ.

ಕಟ್, ಎಂದಿತು ಡಿಸ್ಕು. ಕಟ್. ಕಟ್. ಓರೆಯಾದ ಲೋಟ ಓರೆಯಾಗಿಯೇ ನಿಂತಿತು. ಅಂಚಿನ ತೊಟ್ಟು ತೂಗುತ್ತಲೇ ಉಳಿಯಿತು. ದೀಪಿಕ ಮೌಸು ಒತ್ತಿದಳು, ಕೀಬೋರ್ಡು ಕುಟ್ಟಿದಳು. ಚಿತ್ರ ಗೋಡೆಗೆ ಮೊಳೆ ಹೊಡೆದಂತಿತ್ತು.

"ಅಗಾ ನೋಡವ್ವ, ಕೈಯಲ್ಲಿ ಲೋಟ ಇಟ್ಕೊಂಡೇ ಸಿಗಾಕೊಂಡವ್ನೆ!" ಎಂದಳು ಚಿಕ್ಕಬೋರಮ್ಮ.

"ಇದರ ಮುಂದೆ ಅದೆ! ವಸಿ ಮುಂದಕ್ಕೆ ಓದ್ರೆ ಕುಡೀತೀನಿ!" ಚಲುವರಾಜು ಕಂಪ್ಯೂಟರಿನ ಡಬ್ಬವನ್ನು ತಟ್ಟಿದ, ಸವರಿದ, ಕೊನೆಗೆ ಕೈ ಮುಗಿದ.

ಮಹದೇವಯ್ಯ ಡಬ್ಬಕ್ಕೆ ಕಿವಿಯಿಟ್ಟು, ಹುಬ್ಬೇರಿಸಿದರು. "ನಾನು ಕೇಳಿದ್ ಸದ್ದಲ್ಲ ಇದು. ಚಲುವ, ನಾನು ಕಬ್ಬಿನಾಲು ಕುಡ್ಯಕ್ ಓಗಿದ್ನಲ್ಲ, ಆಗೇನ್ ಮಾಡ್ದೆ?"

ಚಲುವರಾಜು ಹೊಸ ಡಿಸ್ಕಿನ ಖಾಲಿ ಡಬ್ಬವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದ. ಪಾಪ, ಪ್ರಸನ್ನ ಮೋಸ ಮಾಡಿರಲಿಲ್ಲ. ಹೇಳಿದ ಸರಕನ್ನೇ ಕೊಟ್ಟಿದ್ದ.

ದೀಪಿಕ ಲೋಟವನ್ನು ತೆಗೆದುಕೊಂಡು, ಬುಟ್ಟಿಯಿಂದ ದಪ್ಪನೆಯ ಹಾಗಲಕಾಯಿ ಆರಿಸಿದಳು. "ಇನ್ಮೇಲೆ ಅಂಗಳ ಬೇಡ ರೀ. ದಿನಾ ಇಲ್ಲೇ, ನನ್ನ ಎದುರಿಗೇ ಕುಡೀರಿ. ಈಗಿಂದ್ಲೇ."

"ಈಗ್ತಾನೆ ಒಂದು ಲೋಟ ಕುಡ್ದಿವ್ನಿ ಕಣೇ, ಆಣೆಗೂ!"

"ಕಂಡ್ವಲ್ಲ ಬುಡು" ಎಂದಳು ಚಿಕ್ಕಬೋರಮ್ಮ, ಕುರ್ಚಿ ಎಳೆದುಕೊಂಡು ಕೂರುತ್ತ.

ಅಡುಗೆಮನೆಯಲ್ಲಿ ಮಿಕ್ಸಿ ತಿರುಗತೊಡಗಿತು. ಅದಕ್ಕೆ ಐದು ವರ್ಷದ ವಾರಂಟಿ ಇತ್ತು.